ಶಾಮಿಯಾನದ ಕೆಳಗೆ ಕೇಳುವ ಹೊತ್ತಿಗೆ: ರಾಷ್ಟ್ರೀಯ ಮೂಲಸೌಕರ್ಯ ಯೋಜನೆಗಳಲ್ಲಿ ಜನರ ಅಹವಾಲಿಗೆ ಜಾಗ ಎಲ್ಲಿದೆ?

ಕೆಲವು ವರ್ಷಗಳ ಹಿಂದೆ ನಮ್ಮ ಕರಾವಳಿಯ ಒಂದು ಊರಿನ ಶಾಲಾ ಮೈದಾನದಲ್ಲಿ ನಡೆದ ಪರಿಸರ ಅಹವಾಲು ಸಭೆಯಲ್ಲಿ, ಅಂದರೆ ಯೋಜನೆಗೆ ಪರಿಸರ ಅನುಮತಿ ಕೊಡುವ ಮುನ್ನ ಊರಿನವರ ಮಾತು ಕೇಳುವ ಸಭೆಯಲ್ಲಿ, ನಾನೂ ಕುಳಿತಿದ್ದೆ. ತಮ್ಮ ಸರದಿ ಬಂದಾಗ ರಂಪಣಿ ಬಲೆಯ ಹಿರಿಯರೊಬ್ಬರು ಎದ್ದು, ಕೊಂಕಣಿ ಬೆರೆತ ಕನ್ನಡದಲ್ಲಿ ಒಂದೇ ಪ್ರಶ್ನೆ ಕೇಳಿದರು. ಅಲೆ ತಡೆಗೋಡೆ ಕಟ್ಟಿದ ಮೇಲೆ ತಾವು ಬಲೆ ಎಳೆಯುವ ಜಾಗದಲ್ಲಿ ಎಷ್ಟು ಮಾರು ಮರಳು ಉಳಿಯುತ್ತದೆ ಎಂಬುದು ಅವರಿಗೆ ಬೇಕಿತ್ತು. ದೋಣಿಯಿಂದ ಬಲೆಯನ್ನು ಕಡಲಿನಲ್ಲಿ ಅರ್ಧಚಂದ್ರಾಕಾರವಾಗಿ ಬಿಟ್ಟು, ಅದರ ಎರಡೂ ತುದಿಗಳನ್ನು ದಡದ ಮೇಲೆ ನಿಂತ ಹತ್ತಾರು ಜನ ಸೇರಿ ಎಳೆಯುವುದು ರಂಪಣಿ. ಕಲ್ಲುಬಂಡೆಗಳಿಲ್ಲದ ಉದ್ದನೆಯ ಮರಳ ದಡ ಇಲ್ಲದಿದ್ದರೆ ಆ ಕಸುಬೇ ಇಲ್ಲ. ಆದ್ದರಿಂದ ಅವರು ಕೇಳಿದ್ದು ತಮ್ಮ ಕಸುಬಿನ ಲೆಕ್ಕ. ವೇದಿಕೆಯಿಂದ ಬಂದ ಉತ್ತರದಲ್ಲಿ ‘ಪರಿಣಾಮ ಅಲ್ಪ ಪ್ರಮಾಣದ್ದು’ ಎಂಬುದಿತ್ತೇ ಹೊರತು ಮಾರಿನ ಲೆಕ್ಕವಾಗಲೀ ಮೀಟರಿನ ಲೆಕ್ಕವಾಗಲೀ ಇರಲಿಲ್ಲ. ಸಂಜೆ ನಡಾವಳಿ ಓದಿದಾಗ, ಸ್ಥಳೀಯ ಮೀನುಗಾರರು ಮೀನುಗಾರಿಕೆಗೆ ತೊಂದರೆಯಾಗುವ ಬಗ್ಗೆ ಆತಂಕ ವ್ಯಕ್ತಪಡಿಸಿದರು ಎಂದು ಅದರಲ್ಲಿ ಬರೆದಿತ್ತು. ಅಳತೆ ಕೇಳಿದ್ದ ಪ್ರಶ್ನೆ ಆತಂಕವಾಗಿತ್ತು.

ಈ ಬದಲಾವಣೆ ಬರೆದವರ ಕೈತಪ್ಪಿನಿಂದ ಮಾತ್ರ ಆಗುವುದಿಲ್ಲ. ಯೋಜನೆಯೊಂದು ದೆಹಲಿಯ ಕಾಗದದಿಂದ ಹೊರಟು ನಮ್ಮೂರಿನ ಮೈದಾನ ತಲುಪುವವರೆಗಿನ ದಾರಿಯಲ್ಲಿ ಈ ಸಭೆ ಎಷ್ಟನೆಯ ಮೆಟ್ಟಿಲು ಎಂಬುದನ್ನು ನೋಡಿದರೆ, ಅಲ್ಲಿ ಯಾವ ಪ್ರಶ್ನೆಗೆ ಉತ್ತರ ಸಿಗುತ್ತದೆ, ಯಾವುದಕ್ಕೆ ಸಿಗುವುದಿಲ್ಲ ಎಂಬುದು ತಿಳಿಯುತ್ತದೆ.

ಬಂದರನ್ನೇ ತೆಗೆದುಕೊಳ್ಳೋಣ. ಬಂದರುಗಳ ಅಭಿವೃದ್ಧಿಗಾಗಿ ಇರುವ ಸಾಗರಮಾಲಾ ಕಾರ್ಯಕ್ರಮಕ್ಕೆ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ಕೊಟ್ಟದ್ದು 2015ರ ಮಾರ್ಚ್‌ನಲ್ಲಿ. ಅದರ ರಾಷ್ಟ್ರೀಯ ಮುನ್ನೋಟದ ಯೋಜನೆ ಪ್ರಕಟವಾದದ್ದು 2016ರ ಏಪ್ರಿಲ್‌ನಲ್ಲಿ, ಮುಂಬೈಯ ಒಂದು ಶೃಂಗಸಭೆಯಲ್ಲಿ. ಆಮೇಲೆ 2019ರಲ್ಲಿ ಹಣಕಾಸು ಸಚಿವಾಲಯದ ಕಾರ್ಯಪಡೆಯೊಂದು ರಾಷ್ಟ್ರೀಯ ಮೂಲಸೌಕರ್ಯ ಪೈಪ್‌ಲೈನ್ ಎಂಬ ಪಟ್ಟಿಯನ್ನು ಸಿದ್ಧಪಡಿಸಲು ಕುಳಿತಿತು. 2020ರಲ್ಲಿ ಬಂದ ಅದರ ಅಂತಿಮ ವರದಿ 2025ರವರೆಗಿನ ಅವಧಿಗೆ ಸುಮಾರು 111 ಲಕ್ಷ ಕೋಟಿ ರೂಪಾಯಿ ಹೂಡಿಕೆಯ ಲೆಕ್ಕ ಹಾಕಿತು. 2021ರ ಅಕ್ಟೋಬರ್‌ನಲ್ಲಿ ಆರಂಭವಾದ ಪಿಎಂ ಗತಿಶಕ್ತಿ ರಸ್ತೆ, ರೈಲು, ಬಂದರು, ವಿದ್ಯುತ್ ಮಾರ್ಗಗಳನ್ನೆಲ್ಲ ಒಂದೇ ಡಿಜಿಟಲ್ ನಕ್ಷೆಯ ಮೇಲೆ ಪದರ ಪದರವಾಗಿ ಜೋಡಿಸಿತು. ಒಂದು ಇಲಾಖೆ ಹಾಕಿದ ರಸ್ತೆಯನ್ನು ಮತ್ತೊಂದು ಇಲಾಖೆ ಅಗೆಯುವುದನ್ನು ತಪ್ಪಿಸುವುದು ಅದರ ಉದ್ದೇಶಗಳಲ್ಲೊಂದು, ಒಳ್ಳೆಯ ಉದ್ದೇಶವೇ. ಆದರೆ ಅಲ್ಲಿ ನಡೆಯುವುದು ಮುಖ್ಯವಾಗಿ ಇಲಾಖೆ ಇಲಾಖೆಗಳ ನಡುವಿನ ಮಾತುಕತೆ. ಇಂಥ ರಾಷ್ಟ್ರೀಯ ದಾಖಲೆಗಳನ್ನು ತಯಾರಿಸುವಾಗ ಸಚಿವಾಲಯಗಳನ್ನು, ರಾಜ್ಯ ಸರ್ಕಾರಗಳನ್ನು, ಹೂಡಿಕೆದಾರರನ್ನು, ಸಲಹಾ ಸಂಸ್ಥೆಗಳನ್ನು ಕೇಳುವ ರೂಢಿಯಿದೆ. ಸಾರ್ವಜನಿಕರನ್ನು ಕೇಳಲೇಬೇಕೆಂಬ ಕಾನೂನು ಇಲ್ಲ. ಕರಡು ಕಾನೂನುಗಳನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕು ಎಂಬ ಕೇಂದ್ರದ ನೀತಿಯೊಂದು 2014ರಿಂದ ಇದೆ. ಅದು ಮಸೂದೆ ಮತ್ತು ನಿಯಮಗಳಿಗೆ ಮಾತ್ರ; ಮುನ್ನೋಟ, ಪಟ್ಟಿ, ನಕ್ಷೆಗಳಿಗೆ ಅನ್ವಯಿಸುವುದಿಲ್ಲ.

ಹೀಗೆ ಪಟ್ಟಿಯಲ್ಲಿ ಹೆಸರು ಸೇರಿದ ಮೇಲೆ ಕಾರ್ಯಸಾಧ್ಯತಾ ವರದಿ, ಟೆಂಡರು, ಒಪ್ಪಂದ, ಪರಿಸರ ಅಧ್ಯಯನದ ವ್ಯಾಪ್ತಿ ನಿಗದಿ, ಅಧ್ಯಯನ, ಕರಡು ವರದಿ ಎಂಬ ಮೆಟ್ಟಿಲುಗಳಿರುತ್ತವೆ. ಇವುಗಳಲ್ಲಿ ಕೆಲವು ಹಿಂದೆಮುಂದೆ ಆಗಬಹುದು. ಇಷ್ಟಾದ ಮೇಲೆ ಬರುವುದು ಶಾಮಿಯಾನ. ಬಂದರು ಬೇಕೇ, ಬೇಕಾದರೆ ಎಲ್ಲಿ, ಇರುವ ಬಂದರನ್ನೇ ಸುಧಾರಿಸಿದರೆ ಸಾಲದೇ ಎಂಬ ಪ್ರಶ್ನೆಗಳು ಅಷ್ಟರೊಳಗೆ ಎಲ್ಲೋ ಇತ್ಯರ್ಥವಾಗಿರುತ್ತವೆ. ಊರಿನವರ ಮುಂದೆ ಬರುವ ಪ್ರಶ್ನೆ, ಇದೇ ಜಾಗದಲ್ಲಿ ಇದೇ ಬಂದರನ್ನು ಯಾವ ಷರತ್ತಿನ ಮೇಲೆ ಕಟ್ಟಬೇಕು ಎಂಬುದಷ್ಟೇ. ಅವರು ಉತ್ತರಿಸುವುದು ಮಾತ್ರ ಮೊದಲಿನ ಪ್ರಶ್ನೆಗಳಿಗೆ, ಏಕೆಂದರೆ ಅವನ್ನು ಅವರಿಗೆ ಯಾರೂ ಕೇಳಿರಲೇ ಇಲ್ಲ. ಸಭೆಗಳಲ್ಲಿ ಎರಡೂ ಕಡೆಯವರು ಬೇರೆ ಬೇರೆ ವಿಷಯ ಮಾತನಾಡುತ್ತಿದ್ದಾರೆ ಅನ್ನಿಸುವುದು ಇದರಿಂದಲೇ.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಮಟ್ಟಿಗೆ ಇದು ಕೇವಲ ತತ್ವದ ಚರ್ಚೆಯಲ್ಲ. 2018ರ ಡಿಸೆಂಬರ್‌ನಲ್ಲಿ ಕೈಗಾದ 5 ಮತ್ತು 6ನೇ ಅಣುವಿದ್ಯುತ್ ಘಟಕಗಳಿಗಾಗಿ, 2025ರ ಆಗಸ್ಟ್‌ನಲ್ಲಿ ಅಂಕೋಲಾದ ಕೇಣಿ ಬಂದರಿಗಾಗಿ, ಅದರ ಮರುತಿಂಗಳು ಶರಾವತಿ ಪಂಪ್ಡ್ ಸ್ಟೋರೇಜ್ ವಿದ್ಯುತ್ ಯೋಜನೆಗಾಗಿ ಅಹವಾಲು ಸಭೆಗಳು ನಡೆದವು. ಕಾರವಾರದ ಬಂದರು ವಿಸ್ತರಣೆ, ಕೇಣಿ, ತದಡಿ, ಕಾಸರಕೋಡಿನ ಟೊಂಕ ಎಂದು ಬಂದರಿನ ಮಾತು ಎದ್ದ ಜಾಗಗಳನ್ನು ಎಣಿಸುತ್ತ ಹೋದರೆ, ಕಾರವಾರದಿಂದ ಹೊನ್ನಾವರದವರೆಗಿನ ಸುಮಾರು 90 ಕಿಲೋಮೀಟರ್ ಹೆದ್ದಾರಿಯೊಳಗೇ ನಾಲ್ಕಾಗುತ್ತವೆ. ನಡುವೆ ಅರ್ಗಾದ ನೌಕಾನೆಲೆ ಬೇರೆ ಇದೆ. ಒಂದೊಂದಕ್ಕೂ ಒಂದೊಂದು ವರದಿ, ಒಂದೊಂದು ಸಭೆ. ಒಂದು ಕಡೆ ತಡೆಗೋಡೆ ಕಟ್ಟಿದರೆ ಅದರ ಒಂದು ಬದಿಗೆ ಮರಳು ಕೂತು ಇನ್ನೊಂದು ಬದಿಯ ದಡ ಕೊರೆಯುವುದು ಕಡಲಿನ ಸ್ವಭಾವ. ಇಂಥ ನಾಲ್ಕು ಗೋಡೆಗಳು ಒಂದೇ ದಡದ ಮೇಲೆ ಬಂದರೆ ಒಟ್ಟು ಏನಾಗುತ್ತದೆ ಎಂಬ ಲೆಕ್ಕವನ್ನು ಕೇಳುವುದಕ್ಕೆ ಯೋಜನೆವಾರು ಸಭೆ ಸರಿಯಾದ ಜಾಗವಲ್ಲ; ಅದು ಇಡೀ ಕರಾವಳಿಯನ್ನು ಒಟ್ಟಿಗೆ ನೋಡುವ ಮುನ್ನೋಟದ ಹಂತದಲ್ಲೇ ಕೇಳಬೇಕಾದ ಪ್ರಶ್ನೆ. ರಂಪಣಿಯವರ ಪ್ರಶ್ನೆಗೆ ಉತ್ತರ ಸಿಗದೇ ಇದ್ದುದಕ್ಕೆ ಇದೂ ಒಂದು ಕಾರಣ.

ಇನ್ನು, ಇರುವ ಸಭೆಯ ಕಾನೂನು ಏನು ಹೇಳುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 1986ರ ಪರಿಸರ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ 1994ರಲ್ಲಿ ಮೊದಲ ಪರಿಸರ ಪರಿಣಾಮ ಅಧ್ಯಯನ ಅಧಿಸೂಚನೆ ಬಂತು. ಅದಕ್ಕೆ 1997ರಲ್ಲಿ ತಂದ ತಿದ್ದುಪಡಿಯಿಂದ ಸಾರ್ವಜನಿಕ ಅಹವಾಲು ಕಡ್ಡಾಯವಾಯಿತು. ಈಗ ಜಾರಿಯಲ್ಲಿರುವುದು 2006ರ ಸೆಪ್ಟೆಂಬರ್ 14ರ ಅಧಿಸೂಚನೆ. ಇದರ ಪ್ರಕಾರ ಜನಾಭಿಪ್ರಾಯ ಸಂಗ್ರಹಕ್ಕೆ ಎರಡು ಭಾಗಗಳಿವೆ: ಯೋಜನೆಯ ಸ್ಥಳದಲ್ಲಿ ಅಥವಾ ಅದರ ಹತ್ತಿರದಲ್ಲಿ ನಡೆಯುವ ಅಹವಾಲು ಸಭೆ, ಮತ್ತು ಯೋಜನೆಯಲ್ಲಿ ಹಿತಾಸಕ್ತಿ ಉಳ್ಳ ಇತರರು ಬರೆದು ಕಳುಹಿಸುವ ಅಭಿಪ್ರಾಯ. ಸಭೆಗೆ ಹೋಗಲಾಗದವರ ಪತ್ರಕ್ಕೂ ಕಾನೂನಿನಲ್ಲಿ ಜಾಗವಿದೆ ಎಂಬುದು ಅನೇಕರಿಗೆ ಗೊತ್ತಿಲ್ಲ. ಯೋಜನೆ ಎರಡು ಜಿಲ್ಲೆಗಳಲ್ಲಿ ಹರಡಿದ್ದರೆ ಎರಡರಲ್ಲೂ ಸಭೆಯಾಗಬೇಕು. ಶರಾವತಿ ಯೋಜನೆಗೆ ಶಿವಮೊಗ್ಗ ಜಿಲ್ಲೆಯ ಕಾರ್ಗಲ್‌ನಲ್ಲಿ ಒಂದು, ನಮ್ಮ ಗೇರುಸೊಪ್ಪದಲ್ಲಿ ಒಂದು ಸಭೆ ನಡೆದದ್ದು ಹೀಗೆ.

ಸಭೆಗೆ ಕನಿಷ್ಠ 30 ದಿನ ಮೊದಲು ಒಂದು ರಾಷ್ಟ್ರೀಯ ಪತ್ರಿಕೆಯಲ್ಲೂ ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲೂ ಪ್ರಕಟಣೆ ಕೊಡಬೇಕು. ಪತ್ರಿಕೆ ಹೋಗದ ಊರುಗಳಲ್ಲಿ ಡಂಗುರ ಹೊಡೆಸಿಯಾದರೂ ತಿಳಿಸಬೇಕು ಎಂದು ನಿಯಮದಲ್ಲೇ ಇದೆ. ಘಟ್ಟದ ಕೆಳಗಿನ ಕೆಲವು ಮಜರೆಗಳನ್ನು ನೋಡಿಯೇ ಬರೆದಂತಿರುವ ಈ ವಾಕ್ಯವನ್ನು ಓದಿದಾಗಲೆಲ್ಲ ನನಗೆ ನಗು ಬರುತ್ತದೆ, ಆದರೆ ಡಂಗುರದ ಸದ್ದನ್ನು ಮಾತ್ರ ಇದುವರೆಗೆ ಕೇಳಿಲ್ಲ. ಕರಡು ವರದಿಯ ಸಾರಾಂಶ ಇಂಗ್ಲಿಷಿನ ಜೊತೆಗೆ ಸ್ಥಳೀಯ ಭಾಷೆಯಲ್ಲೂ ಇರಬೇಕು. ಇಲ್ಲಿ ‘ಸಾರಾಂಶ’ ಎಂಬ ಪದವನ್ನು ಗಮನಿಸಬೇಕು: ನೂರಾರು ಪುಟಗಳ ಪೂರ್ತಿ ವರದಿ ಇಂಗ್ಲಿಷಿನಲ್ಲಿ ಮಾತ್ರ ಇದ್ದರೂ ನಿಯಮ ಪಾಲಿಸಿದಂತಾಗುತ್ತದೆ. ಮರಳಿನ ಚಲನೆಯ ಲೆಕ್ಕ, ಮೀನಿನ ಸಮೀಕ್ಷೆಯ ಕೋಷ್ಟಕಗಳು ಇರುವುದು ಆ ಪೂರ್ತಿ ವರದಿಯಲ್ಲಿ. ಭಾಷೆಯ ಈ ಪ್ರಶ್ನೆ ಒಮ್ಮೆ ಮೇಲಿನ ಹಂತದಲ್ಲೂ ಎದ್ದಿತ್ತು. 2006ರ ಅಧಿಸೂಚನೆಯ ಜಾಗಕ್ಕೆ ಹೊಸದನ್ನು ತರಲು 2020ರಲ್ಲಿ ಹೊರಡಿಸಿದ ಕರಡನ್ನು ಸಂವಿಧಾನದ ಎಂಟನೇ ಅನುಸೂಚಿಯ ಎಲ್ಲ 22 ಭಾಷೆಗಳಿಗೆ ಅನುವಾದಿಸಬೇಕೆಂದು ದೆಹಲಿ ಹೈಕೋರ್ಟ್ ಆ ಜೂನ್‌ನಲ್ಲಿ ಆದೇಶಿಸಿತು. ಕೇಂದ್ರ ಸರ್ಕಾರ ಅದನ್ನು ಸುಪ್ರೀಂ ಕೋರ್ಟ್‌ನಲ್ಲಿ ಪ್ರಶ್ನಿಸಿತು. ಸಭೆಯ ಪ್ರಕಟಣೆಯ ಅವಧಿಯನ್ನು 30 ದಿನದಿಂದ 20ಕ್ಕೆ ಇಳಿಸುವ ಪ್ರಸ್ತಾಪವೂ ಅದೇ ಕರಡಿನಲ್ಲಿತ್ತು.

ಸಭೆಯ ಅಧ್ಯಕ್ಷತೆ ಜಿಲ್ಲಾಧಿಕಾರಿಯದು, ಅಥವಾ ಅಪರ ಜಿಲ್ಲಾಧಿಕಾರಿಗಿಂತ ಕೆಳಗಿನವರಲ್ಲದ ಪ್ರತಿನಿಧಿಯದು. ನಡೆಸಿಕೊಡುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಇಡೀ ಸಭೆಯ ವಿಡಿಯೊ ಚಿತ್ರೀಕರಣವಾಗಬೇಕು. ಹಾಜರಿದ್ದ ಪ್ರತಿಯೊಬ್ಬರಿಗೂ ಮಾಹಿತಿ ಅಥವಾ ಸ್ಪಷ್ಟನೆ ಕೇಳುವ ಅವಕಾಶ ಸಿಗಬೇಕು. ಇಷ್ಟರವರೆಗೆ ಎಲ್ಲರಿಗೂ ಗೊತ್ತು. ಹೋರಾಟಗಾರರೂ ಮರೆಯುವ ಮೂರು ಸಂಗತಿಗಳು ಇದರ ಆಚೆ ಇವೆ. ಮೊದಲನೆಯದಾಗಿ, ಇದು ಮತದಾನವಲ್ಲ. ಸಾವಿರ ಜನ ಕೈ ಎತ್ತಿ ಬೇಡವೆಂದರೂ ಯೋಜನೆ ಬಿದ್ದುಹೋಗುವುದಿಲ್ಲ, ಅವರು ಹೇಳಿದ ಕಾರಣಗಳನ್ನು ಮುಂದಿನ ಹಂತದ ತಜ್ಞರ ಸಮಿತಿ ಪರಿಗಣಿಸಬೇಕು ಅಷ್ಟೆ. ಎರಡನೆಯದಾಗಿ, ಸಭೆಗೆ ಕೋರಂ ಇಲ್ಲ. ಊರಿಗೆ ಊರೇ ಬಹಿಷ್ಕಾರ ಹಾಕಿದರೂ ಖಾಲಿ ಕುರ್ಚಿಗಳ ಮುಂದೆ ಸಭೆ ನಡೆದು ಮುಗಿಯಬಹುದು. ಮೂರನೆಯದು ಇನ್ನೂ ಸೂಕ್ಷ್ಮ: ಸ್ಥಳೀಯ ಪರಿಸ್ಥಿತಿಯಿಂದಾಗಿ ಜನ ಮುಕ್ತವಾಗಿ ಅಭಿಪ್ರಾಯ ಹೇಳುವ ಹಾಗೆ ಸಭೆ ನಡೆಸುವುದು ಅಸಾಧ್ಯವೆಂದು ವರದಿಯಾದರೆ, ಅಹವಾಲು ಸಭೆಯನ್ನೇ ಕೈಬಿಡುವ ಅಧಿಕಾರ ಅನುಮತಿ ನೀಡುವ ಪ್ರಾಧಿಕಾರಕ್ಕೆ ಇದೆ. ಶಾಮಿಯಾನ ಕಿತ್ತು ಸಭೆ ನಿಲ್ಲಿಸಿದೆವು ಎಂದು ಹಿಗ್ಗುವವರು ಈ ಕಲಮನ್ನು ಒಮ್ಮೆ ಓದಿಕೊಂಡಿರುವುದು ಒಳ್ಳೆಯದು.

ಕೆಲವು ಯೋಜನೆಗಳು ಶಾಮಿಯಾನದವರೆಗೂ ಬರುವುದಿಲ್ಲ. ದೇಶದ ರಕ್ಷಣೆಗೆ ಸಂಬಂಧಿಸಿದವು, ಹೆಚ್ಚುವರಿ ಭೂಸ್ವಾಧೀನ ಬೇಡದ ರಸ್ತೆ ಅಗಲೀಕರಣ, ಅಧಿಸೂಚಿತ ಕೈಗಾರಿಕಾ ವಸಾಹತಿನೊಳಗಿನ ಘಟಕಗಳು ಇವೆಲ್ಲ ಹೊರಗೆ. ಹೆದ್ದಾರಿಗೆ ಜಮೀನು ಹೋಗುವವರಿಗೆ 1956ರ ರಾಷ್ಟ್ರೀಯ ಹೆದ್ದಾರಿ ಕಾಯಿದೆಯಲ್ಲಿ ಬೇರೆ ದಾರಿಯಿದೆ: ಅಧಿಸೂಚನೆ ಪ್ರಕಟವಾದ 21 ದಿನಗಳೊಳಗೆ, ಆ ಭೂಮಿಯ ಬಳಕೆಯ ಬಗ್ಗೆ ಆಕ್ಷೇಪಣೆ ಸಲ್ಲಿಸಬಹುದು. ಹಾಗೆ ಸಲ್ಲಿಸುವ ಹಕ್ಕು ಆ ಜಮೀನಿನಲ್ಲಿ ಹಿತಾಸಕ್ತಿ ಇರುವವರಿಗೆ ಮಾತ್ರ. ಮೇಲಿನ ಗುಡ್ಡವನ್ನು ಎಷ್ಟು ಕಡಿದಾಗಿ ಕೊರೆಯುತ್ತೀರಿ ಎಂದು ಕೆಳಗಿನ ಚಹಾ ಅಂಗಡಿಯವನೋ ಹೊಳೆಯಾಚೆಯ ಊರಿನವನೋ ಕೇಳುವುದಕ್ಕೆ ಆ ಕಲಮಿನಲ್ಲಿ ಜಾಗವಿಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದ ಗುಡ್ಡ ಕುಸಿದು ಗಂಗಾವಳಿ ಹೊಳೆಗೆ ಬಿದ್ದಾಗ, ಸತ್ತವರಲ್ಲಿ ಚಹಾ ಅಂಗಡಿಯ ಕುಟುಂಬವೂ ಇತ್ತು, ನೀರು ನುಗ್ಗಿದ್ದು ಹೊಳೆಯಾಚೆಯ ಉಳುವರೆಗೆ.

ಮೊದಲ ಹಂತದಲ್ಲೇ ಜನರನ್ನು ಕೇಳುವುದು ಸಾಧ್ಯವೇ? ಕೆಲವು ದೇಶಗಳು ಪ್ರಯತ್ನಿಸಿವೆ. ಯುರೋಪಿನ ದೇಶಗಳು 1998ರಲ್ಲಿ ಒಪ್ಪಿಕೊಂಡ ಆರ್ಹಸ್ ಒಡಂಬಡಿಕೆ, ಎಲ್ಲ ಆಯ್ಕೆಗಳೂ ಇನ್ನೂ ತೆರೆದಿರುವಾಗಲೇ ಸಾರ್ವಜನಿಕರು ಪಾಲ್ಗೊಳ್ಳುವಂತಿರಬೇಕು ಎನ್ನುತ್ತದೆ. ಭಾರತ ಅದರ ಸದಸ್ಯನಲ್ಲ. ಬ್ರಿಟನ್ನಿನಲ್ಲಿ 2015ರಲ್ಲಿ ಹುಟ್ಟಿದ ರಾಷ್ಟ್ರೀಯ ಮೂಲಸೌಕರ್ಯ ಆಯೋಗ, 2018ರಲ್ಲಿ ತನ್ನ ಮೊದಲ ಸಮಗ್ರ ವರದಿ ಕೊಡುವ ಮುನ್ನ, ಅಧ್ಯಯನವನ್ನು ಯಾವ ಕ್ರಮದಲ್ಲಿ ನಡೆಸಬೇಕು ಎಂಬುದರ ಬಗ್ಗೆಯೇ 2016ರಲ್ಲಿ ಒಮ್ಮೆ ಜನಾಭಿಪ್ರಾಯ ಕೇಳಿತ್ತು. ನ್ಯೂಜಿಲೆಂಡ್‌ನ ಕ್ರಮ ಇನ್ನೂ ಸ್ಪಷ್ಟ. ಅಲ್ಲಿ 2019ರ ಕಾಯಿದೆಯೊಂದರ ಪ್ರಕಾರ ಮೂಲಸೌಕರ್ಯ ಆಯೋಗವು ಕನಿಷ್ಠ ಐದು ವರ್ಷಕ್ಕೊಮ್ಮೆ, ಮುಂದಿನ ಮೂವತ್ತು ವರ್ಷಗಳನ್ನು ನೋಡುವ ಕಾರ್ಯತಂತ್ರವನ್ನು ಸಿದ್ಧಪಡಿಸಬೇಕು, ಸರ್ಕಾರ 180 ದಿನಗಳೊಳಗೆ ಅದಕ್ಕೆ ಉತ್ತರ ಕೊಡಬೇಕು. 2022ರಲ್ಲಿ ಪ್ರಕಟವಾದ ಮೊದಲ ಕಾರ್ಯತಂತ್ರಕ್ಕಾಗಿ ಹಿಂದಿನ ವರ್ಷವೇ ಸಮೀಕ್ಷೆ ನಡೆಸಿ, ಚರ್ಚೆಯ ಕರಡನ್ನೂ ಹೊರತಂದರು. ಸಮೀಕ್ಷೆಗೆ 20,000ಕ್ಕೂ ಹೆಚ್ಚು ಜನ ಉತ್ತರಿಸಿದರು. ಇಂಥ ಸಮೀಕ್ಷೆಗೆ ಉತ್ತರಿಸುವವರು ಬಿಡುವು, ಓದು, ಇಂಟರ್ನೆಟ್ಟು ಮೂರೂ ಇರುವವರೇ ಹೆಚ್ಚು ಎಂಬ ಟೀಕೆಯನ್ನು ತಳ್ಳಿಹಾಕುವಂತಿಲ್ಲ. ಅಘನಾಶಿನಿ ಹೊಳೆಯಲ್ಲಿ ಇಳಿತದ ಹೊತ್ತು ನೋಡಿ ಬಳಚು ಎಂಬ ಚಿಪ್ಪುಮೀನು ಹೆಕ್ಕಲು ಇಳಿಯುವ ಹೆಂಗಸು ಮೂವತ್ತು ವರ್ಷಗಳ ಕಾರ್ಯತಂತ್ರದ ಪ್ರಶ್ನಾವಳಿಯನ್ನು ಮೊಬೈಲಿನಲ್ಲಿ ತುಂಬುತ್ತಾಳೆ ಎಂದು ನಾನೂ ನಂಬುವುದಿಲ್ಲ. ಆದರೆ ಸರ್ಕಾರ ಇಷ್ಟು ದಿನದೊಳಗೆ ಉತ್ತರಿಸಲೇಬೇಕು ಎಂಬ ಕಟ್ಟಳೆ ಇದೆಯಲ್ಲ, ಅದನ್ನು ಇಲ್ಲಿ ತರುವುದಕ್ಕೆ ಇಂಟರ್ನೆಟ್ಟೇನೂ ಬೇಡ.

ದೂರದ ಉದಾಹರಣೆಯೇ ಬೇಕೆಂದಿಲ್ಲ. ಅಹವಾಲು ಸಭೆ ಎಂಬುದು ಕಾನೂನಿನಲ್ಲಿ ಇನ್ನೂ ಹುಟ್ಟಿರದ ಕಾಲದಲ್ಲಿ, 1981ರಲ್ಲಿ, ಶಿರಸಿಯಲ್ಲಿ ಬೇಡ್ತಿ ಜಲವಿದ್ಯುತ್ ಯೋಜನೆಯ ಮೇಲೆ ಒಂದು ವಿಚಾರಸಂಕಿರಣ ನಡೆಯಿತು. ಅದರ ಹಿಂದೆ ಇದ್ದದ್ದು ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆಯಾದ ತೋಟಗಾರ್ಸ್ ಸೇಲ್ ಸೊಸೈಟಿ. ಮಾಧವ ಗಾಡ್ಗೀಳರಂಥ ವಿಜ್ಞಾನಿಗಳು ಬಂದು, ಮುಳುಗುವ ಕಾಡು ಮತ್ತು ತೋಟಗಳ ಬೆಲೆಯನ್ನು ಯೋಜನೆಯ ಲಾಭ–ನಷ್ಟದ ಲೆಕ್ಕಕ್ಕೆ ಸೇರಿಸಿ ನೋಡುವ ಚರ್ಚೆ ನಡೆಸಿದರು. ಯೋಜನೆಯನ್ನು ಸರ್ಕಾರ ಮುಂದೆ ಕೈಬಿಟ್ಟಿತು. ಜನ ತಮಗೆ ತೊಂದರೆಯಾಗುತ್ತದೆ ಎಂದು ಹೇಳಿ ಸುಮ್ಮನಾಗದೆ, ಲಾಭದ ಲೆಕ್ಕದಲ್ಲಿ ಏನೇನು ಬಿಟ್ಟುಹೋಗಿದೆ ಎಂದು ತೋರಿಸಿದ್ದು ಇದರ ವಿಶೇಷ. ಸೊಪ್ಪಿನ ಬೆಟ್ಟ ಇದಕ್ಕೆ ಒಳ್ಳೆಯ ಉದಾಹರಣೆ. ನಮ್ಮ ಕಡೆ ಅಡಿಕೆ ತೋಟದ ಗೊಬ್ಬರಕ್ಕೆ ಸೊಪ್ಪು ಬರುವುದು ಬೆಟ್ಟದಿಂದ; ಬೆಟ್ಟ ಹೋದರೆ ತೋಟ ಪಹಣಿಯಲ್ಲಿ ಹಾಗೇ ಉಳಿದಿದ್ದರೂ ಫಸಲು ಇಳಿಯುತ್ತದೆ. ಹೊರಗಿನಿಂದ ಬಂದು ಅಳೆಯುವವರಿಗೆ ತೋಟದ ಎಕರೆ ಕಾಣುತ್ತದೆ, ಬೆಟ್ಟ ಮತ್ತು ತೋಟದ ನಡುವಿನ ಸೊಪ್ಪಿನ ಹೊರೆಯ ಲೆಕ್ಕ ಕಾಣುವುದಿಲ್ಲ. ಕರಾವಳಿಯ ಗಜನಿ ಭೂಮಿಯೂ ಹಾಗೆಯೇ: ಮಳೆಗಾಲದಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ, ಆಮೇಲೆ ಅದೇ ಗದ್ದೆಯಲ್ಲಿ ಸಿಗಡಿ ಮತ್ತು ಮೀನು. ಭೂಬಳಕೆಯ ಕೋಷ್ಟಕದಲ್ಲಿ ಅದಕ್ಕೆ ಒಂದೇ ಮನೆ ಸಿಗುತ್ತದೆ.

ಅದೇ ಬೇಡ್ತಿ ಈಗ ಬೇಡ್ತಿ–ವರದಾ ನದಿ ಜೋಡಣೆಯ ಹೆಸರಿನಲ್ಲಿ ಮತ್ತೆ ಚರ್ಚೆಗೆ ಬಂದಿದೆ, ಸ್ವರ್ಣವಲ್ಲಿ ಸ್ವಾಮೀಜಿಯವರ ನೇತೃತ್ವದಲ್ಲಿ ವಿರೋಧವೂ ನಡೆದಿದೆ. ನದಿ ಜೋಡಣೆಯ ಮೂಲ ದಾಖಲೆ 1980ರ ರಾಷ್ಟ್ರೀಯ ಮುನ್ನೋಟದ ಯೋಜನೆ. ಆ ವರ್ಷ ಹುಟ್ಟಿದ ಶಿರಸಿಯ ಕೂಸಿಗೆ ಈಗ ನಲವತ್ತು ದಾಟಿದೆ. ಮುನ್ನೋಟದ ಬಗ್ಗೆ ಅಭಿಪ್ರಾಯ ಕೇಳಿಕೊಂಡು ಯಾರೂ ಈ ಕಡೆ ಬಂದದ್ದಿಲ್ಲ.

ಕೇಳದೇ ಇರುವ ಚಾಳಿ ಕಟ್ಟುವವರದ್ದು ಮಾತ್ರ ಎಂದುಕೊಂಡರೆ ತಪ್ಪಾಗುತ್ತದೆ. ಗಾಡ್ಗೀಳರ ಅಧ್ಯಕ್ಷತೆಯ ಪಶ್ಚಿಮಘಟ್ಟ ತಜ್ಞರ ಸಮಿತಿ 2011ರ ಆಗಸ್ಟ್‌ನಲ್ಲಿ ಕೊಟ್ಟ ವರದಿಯೇ, ಯಾವ ಪ್ರದೇಶದಲ್ಲಿ ಏನಿರಬೇಕು ಎಂಬುದನ್ನು ಗ್ರಾಮಸಭೆಗಳಲ್ಲಿ ಚರ್ಚಿಸಿ ತೀರ್ಮಾನಿಸಬೇಕು ಎಂದಿತ್ತು. ಸರ್ಕಾರ ಆ ವರದಿಯನ್ನು ತಿಂಗಳುಗಟ್ಟಲೆ ಹೊರಗೇ ಬಿಡಲಿಲ್ಲ. ಮಾಹಿತಿ ಹಕ್ಕಿನಡಿ ಹೋರಾಡಿದ ಮೇಲೆ 2012ರಲ್ಲಿ ಅದು ಬೆಳಕು ಕಂಡಿತು. ಹಳ್ಳಿಗಳಿಗೆ ತಲುಪಿದ್ದು ವರದಿಯಲ್ಲ, ವರದಿಯ ಬಗೆಗಿನ ಗಾಳಿಸುದ್ದಿ. ಹಸುವಿನ ಕೊಟ್ಟಿಗೆ ಕಟ್ಟುವುದಕ್ಕೂ ದೆಹಲಿಯ ಅನುಮತಿ ಬೇಕಂತೆ ಎಂಬ ಮಾತು ಆಗ ಎಷ್ಟೋ ಜಗಲಿಗಳಲ್ಲಿ ಓಡಾಡಿತು. 2014ರಿಂದೀಚೆಗೆ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ ಮತ್ತೆ ಮತ್ತೆ ಹೊರಬೀಳುತ್ತಿದೆ, ಪ್ರತಿ ಸಲವೂ ಆಕ್ಷೇಪಣೆಗೆ 60 ದಿನ, ಪ್ರತಿ ಸಲವೂ ಅದೇ ಗಾಬರಿ.

ಇಷ್ಟೆಲ್ಲ ಮಿತಿಗಳಿದ್ದೂ ಅಹವಾಲು ಸಭೆಯನ್ನು ಬರೀ ನಾಟಕ ಎಂದು ಬಿಡುವುದಕ್ಕೆ ನಾನು ಒಪ್ಪುವುದಿಲ್ಲ. ಅಲ್ಲಿ ದಾಖಲಾದ ಮಾತಿಗೆ ಮುಂದೆ ನ್ಯಾಯಾಲಯದಲ್ಲಿ ತೂಕ ಬರುತ್ತದೆ. ಗೋವಾದ ಕಬ್ಬಿಣದ ಅದಿರಿನ ಗಣಿಯೊಂದರ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2009ರಲ್ಲಿ, ಅಹವಾಲಿನಲ್ಲಿ ಬಂದ ಆಕ್ಷೇಪಣೆಗಳನ್ನು ಒಪ್ಪುವುದಕ್ಕೋ ತಳ್ಳಿಹಾಕುವುದಕ್ಕೋ ತಜ್ಞರ ಸಮಿತಿ ಕಾರಣಗಳನ್ನು ದಾಖಲಿಸಬೇಕು ಎಂದು ಹೇಳಿತು. ಗೋವಾದ್ದೇ ಮೋಪಾ ವಿಮಾನ ನಿಲ್ದಾಣದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ಮಾರ್ಚ್‌ನಲ್ಲಿ ಪರಿಸರ ಅನುಮತಿಯನ್ನು ಅಮಾನತಿನಲ್ಲಿಟ್ಟು, ಮತ್ತೊಮ್ಮೆ ಪರಿಶೀಲಿಸುವಂತೆ ಸಮಿತಿಗೆ ಕಳಿಸಿತ್ತು; ಮರುವರ್ಷ ಷರತ್ತುಗಳೊಂದಿಗೆ ತಡೆ ತೆರವಾಯಿತು. ಕಾರಣ ಬರೆಯಬೇಕಾದ ಅಧಿಕಾರಿಗೆ ‘ಆತಂಕ’ವೆಂಬ ಪದ ಬಹಳ ಅನುಕೂಲ, ‘ಈ ಪುಟದಲ್ಲಿ ಹೇಳಿದ ಸಮೀಕ್ಷೆಯನ್ನು ಮಳೆಗಾಲದಲ್ಲಿ ಏಕೆ ಮಾಡಲಿಲ್ಲ’ ಎಂಬ ವಾಕ್ಯ ಅಷ್ಟು ಅನುಕೂಲವಲ್ಲ. ಆದ್ದರಿಂದ ಮೈಕಿನಲ್ಲಿ ಮಾತನಾಡುವವರು ಅದೇ ಪ್ರಶ್ನೆಯನ್ನು ವರದಿಯ ಪುಟಸಂಖ್ಯೆ ಸಮೇತ ಒಂದು ಹಾಳೆಯಲ್ಲಿ ಬರೆದು ಕೊಟ್ಟು, ಅದರ ನಕಲಿನ ಮೇಲೆ ಸ್ವೀಕೃತಿಯ ಸಹಿ–ಮೊಹರು ಪಡೆದಿಟ್ಟುಕೊಳ್ಳಬೇಕು.

ಮತ್ತೊಂದು ಅವಕಾಶ ಸಭೆಯ ಕೊನೆಗೆ ಇದೆ. ನಡಾವಳಿಯ ಸಾರಾಂಶವನ್ನು ಅಂದೇ, ಅಲ್ಲಿಯೇ, ಸ್ಥಳೀಯ ಭಾಷೆಯಲ್ಲಿ ಓದಿ ವಿವರಿಸಬೇಕು. ಒಪ್ಪಿಗೆಯಾದ ನಡಾವಳಿಗೆ ಅದೇ ದಿನ ಅಧ್ಯಕ್ಷರ ಸಹಿ ಬೀಳಬೇಕು ಎಂದು ನಿಯಮ ಹೇಳುತ್ತದೆ. ಒಪ್ಪಿಗೆ ಎಂದ ಮೇಲೆ, ಓದಿದ್ದು ತಾವು ಹೇಳಿದ ಹಾಗಿಲ್ಲ, ತಿದ್ದಿ ಎನ್ನುವ ಹಕ್ಕೂ ಅದರೊಳಗೇ ಇದೆ. ಆ ದಿನ ನಡಾವಳಿ ಓದುವಾಗ ಆರು ಗಂಟೆ ದಾಟಿತ್ತು. ಬೆಳಿಗ್ಗೆ ತುಂಬಿದ್ದ ಕುರ್ಚಿಗಳಲ್ಲಿ ಮುಕ್ಕಾಲು ಖಾಲಿಯಾಗಿದ್ದವು, ಶಾಮಿಯಾನದವರು ಹಿಂದಿನ ಸಾಲಿನಿಂದ ಪೇರಿಸುವುದಕ್ಕೆ ಶುರುಮಾಡಿದ್ದರು. ರಂಪಣಿಯ ಹಿರಿಯರು ನಾಲ್ಕೂವರೆಯ ಬಸ್ಸಿಗೇ ಊರಿಗೆ ಹೋಗಿದ್ದರು.